ಮಲೆನಾಡಿನ ಮಳೆಯಲ್ಲಿ ಹಳೆಯ ಜಪಾನಿ ಕಾರು: ಕೊಳ್ಳುವುದರಿಂದ ಬಣ್ಣ ಹೊಡೆಯುವವರೆಗೆ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗಳ ಕೊಟ್ಟಿಗೆಯ ಪಕ್ಕದಲ್ಲಿ, ಸೋಗೆ ಮಾಡಿನ ಕೆಳಗೆ ವರ್ಷಗಟ್ಟಲೆ ನಿಂತುಹೋದ ಹಳೆಯ ಕಾರುಗಳು ಇಂದಿಗೂ ಅಲ್ಲಲ್ಲಿ ಕಾಣಸಿಗುತ್ತವೆ. ಅವುಗಳಲ್ಲಿ ಕೆಲವು, ಜಪಾನಿ ಕಂಪನಿಗಳು ವೇಗದ ಕಾರುಗಳಿಗಾಗಿ ಬೆಳೆಸಿದ ತಂತ್ರಜ್ಞಾನವನ್ನು ನಮ್ಮ ರಸ್ತೆಗೆ ತಂದಂಥವು. ಅಂಥದೊಂದು ಕಾರನ್ನು ಕೊಂಡು, ಬಿಚ್ಚಿ, ಸರಿಪಡಿಸಿ, ಮತ್ತೆ ಘಟ್ಟದ ರಸ್ತೆಯಲ್ಲಿ ಓಡಿಸಬೇಕೆಂಬ ಹವ್ಯಾಸಿಗಳಿಗೆ ಈ ಲೇಖನದಲ್ಲಿ ಕೆಲಸದ ಕ್ರಮವನ್ನು ಹೇಳಲಾಗಿದೆ. ಬೆಂಗಳೂರಿನಲ್ಲಾಗಲಿ ಬಳ್ಳಾರಿಯಲ್ಲಾಗಲಿ ಇದೇ ಕೆಲಸಕ್ಕೆ ಬೇರೆ ಕ್ರಮ ಇರಬಹುದು. ನಮ್ಮಲ್ಲಿ ಅದನ್ನು ಮಳೆಯೇ ನಿರ್ಧರಿಸುತ್ತದೆ.

ಯಾವ ಕಾರು?

ಜಗತ್ತಿನ ಹವ್ಯಾಸಿಗಳು ಜಪಾನಿನ ಹಳೆಯ ಸ್ಪೋರ್ಟ್ಸ್ ಕಾರು ಎಂದಾಗ 1967ರ ಟೊಯೊಟಾ 2000ಜಿಟಿ, 1969ರ ಡಾಟ್ಸನ್ 240ಝಡ್, 1983ರ ಟೊಯೊಟಾ ಎಇ86, 1989ರ ಮಜ್ದಾ ಎಂಎಕ್ಸ್-5 ಮುಂತಾದವನ್ನು ನೆನೆಯುತ್ತಾರೆ. ಇವು ಯಾವುವೂ ನಮ್ಮ ದೇಶದ ಷೋರೂಮುಗಳಿಗೆ ಬರಲಿಲ್ಲ, ಮೂರು ವರ್ಷಕ್ಕಿಂತ ಹಳೆಯದಾದ ಬಳಸಿದ ಕಾರನ್ನು ಹೊರದೇಶದಿಂದ ತರಿಸಿಕೊಳ್ಳಲು ಸಾಮಾನ್ಯವಾಗಿ ಅವಕಾಶವೂ ಇಲ್ಲ. ಆದ್ದರಿಂದ ನಮ್ಮ ಹವ್ಯಾಸ 1990ರ ದಶಕದಲ್ಲಿ ಇಲ್ಲಿಯೇ ತಯಾರಾದ ಕಾರುಗಳ ಸುತ್ತ ಬೆಳೆಯಬೇಕು. 1993ರ ಮಾರುತಿ ಝೆನ್, 1994ರ ಎಸ್ಟೀಮ್, 1998ರಲ್ಲಿ ಬಂದ ಹೋಂಡಾ ಸಿಟಿ, ಅದೇ ವರ್ಷ ಚೆನ್ನೈ ಬಳಿಯ ತಿರುವಳ್ಳೂರಿನ ಕಾರ್ಖಾನೆಯಿಂದ ಹೊರಬಂದ ಮಿತ್ಸುಬಿಷಿ ಲ್ಯಾನ್ಸರ್ ಇಂಥವು. ಎಸ್ಟೀಮ್ ಮತ್ತು ಜಿಪ್ಸಿ ನಮ್ಮ ರ್‍ಯಾಲಿ ಸ್ಪರ್ಧೆಗಳಲ್ಲಿ ಬಹುಕಾಲ ಓಡಿದವು. ಇವೆಲ್ಲದರ ನಡುವೆ ನನ್ನ ಆಯ್ಕೆ ಹೋಂಡಾ ಸಿಟಿಯ 1.5 ಲೀಟರ್ ವಿಟೆಕ್, ಅಂದರೆ ಸುತ್ತು ಹೆಚ್ಚಾದಾಗ ವಾಲ್ವುಗಳು ಹೆಚ್ಚು ತೆರೆಯುವ ಎಂಜಿನ್ ಇರುವ ಮಾದರಿ. ಸುಮಾರು ಒಂದು ಟನ್ ತೂಕದ ಈ ಕಾರಿಗೆ 106 ಅಶ್ವಶಕ್ತಿಯ ಎಂಜಿನ್ ಇದ್ದು, ಏರಿನಲ್ಲಿ ಅದು ಎಳೆಯುವ ರೀತಿ ಇಂದಿನ ಎಷ್ಟೋ ಕಾರುಗಳಲ್ಲಿ ಸಿಗುವುದಿಲ್ಲ. ಆದರೆ ಮೊದಲ ಸಲ ಈ ಕೆಲಸಕ್ಕೆ ಇಳಿಯುವವರಿಗೆ ಝೆನ್ ಅಥವಾ ಎಸ್ಟೀಮ್ ಸೂಕ್ತ. ಅವುಗಳ ಬಿಡಿಭಾಗ ಸುಲಭವಾಗಿ ಸಿಗುತ್ತದೆ, ಅವುಗಳ ಒಳಹೊರಗನ್ನು ಬಲ್ಲ ಮೆಕ್ಯಾನಿಕ್‌ಗಳು ತಾಲ್ಲೂಕು ಕೇಂದ್ರಗಳಲ್ಲಿಯೂ ಇದ್ದಾರೆ.

ಕೊಳ್ಳುವ ಮುನ್ನ ತಗಡನ್ನು ನೋಡಿ

ಎಂಜಿನ್ ಕೆಟ್ಟಿದ್ದು ತಗಡು ಗಟ್ಟಿಯಾಗಿರುವ ಕಾರು, ಎಂಜಿನ್ ಚೆನ್ನಾಗಿದ್ದು ತಗಡು ತಿಂದುಹೋದ ಕಾರು, ಇವೆರಡೂ ಒಂದೇ ಬೆಲೆಗೆ ಬಂದರೆ ಹಿಂದುಮುಂದು ನೋಡದೆ ಮೊದಲನೆಯದನ್ನು ತೆಗೆದುಕೊಳ್ಳಿ. ಹಳೆಯ ಜೀಪಿಗೆ ಅಡಿಯಲ್ಲಿ ಪ್ರತ್ಯೇಕ ಚೌಕಟ್ಟು ಇರುತ್ತದೆ, ಮೇಲಿನ ತಗಡು ಹೋದರೂ ಗಾಡಿ ನಿಲ್ಲುತ್ತದೆ. ಈ ಕಾರುಗಳಲ್ಲಿ ತಗಡಿನ ಒಡಲೇ ಚೌಕಟ್ಟು. ಅಡಿಭಾಗದ ಒಂದು ಮೂಲೆ ಕರಗಿದರೆ ಚಕ್ರಗಳ ಸಾಲು ತಪ್ಪುತ್ತದೆ, ಬಾಗಿಲು ಸರಿಯಾಗಿ ಕೂರುವುದಿಲ್ಲ, ಅಪಘಾತದಲ್ಲಿ ಒಳಗಿದ್ದವರಿಗೆ ರಕ್ಷಣೆಯೂ ಸಿಗುವುದಿಲ್ಲ. ಎಂಜಿನ್ನನ್ನು ಗುಜರಿಯಿಂದ ತರಬಹುದು. ಗಟ್ಟಿಯಾದ ಒಡಲನ್ನು ತರುವುದು ಬಹುಮಟ್ಟಿಗೆ ಅಸಾಧ್ಯ.

ಪರೀಕ್ಷೆಗೆ ಟಾರ್ಚ್, ಬಟ್ಟೆ ಸುತ್ತಿದ ಅಯಸ್ಕಾಂತ ಮತ್ತು ಸ್ಕ್ರೂಡ್ರೈವರ್ ಸಾಕು. ಒಳಗಿನ ಕಾರ್ಪೆಟ್ ಎತ್ತಿ ಪಾದ ಇಡುವ ಜಾಗವನ್ನು ಒತ್ತಿ ನೋಡಿ. ಡಿಕ್ಕಿಯಲ್ಲಿ ಸ್ಟೆಪ್ನಿಯನ್ನು ಹೊರತೆಗೆದು ಅದರ ಗುಂಡಿಯಲ್ಲಿ ನೀರು ನಿಂತ ಗುರುತಿದೆಯೇ ನೋಡಿ. ಬಾಗಿಲುಗಳ ಕೆಳಗೆ ಉದ್ದಕ್ಕೂ ಸಾಗುವ ಪೆಟ್ಟಿಗೆಯಂಥ ಭಾಗವನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಬನ್ನಿ. ಗಟ್ಟಿ ತಗಡಿನ ನಾದ ಇದ್ದಕ್ಕಿದ್ದಂತೆ ಮಂಕಾದರೆ ಅಲ್ಲಿ ಒಳಗಿನಿಂದ ತುಕ್ಕು ಹಿಡಿದಿದೆ. ಹಿಂದಿನ ಚಕ್ರದ ಕಮಾನಿಗೆ ಅಯಸ್ಕಾಂತ ಹಿಡಿಯದಿದ್ದರೆ ಅದು ತಗಡಲ್ಲ, ಮೇಲೆ ಮೆತ್ತಿದ ಪುಟ್ಟಿ. ಬಾನೆಟ್ ಎತ್ತಿ, ಎರಡೂ ಬದಿಯಲ್ಲಿ ಶಾಕ್ ಅಬ್ಸಾರ್ಬರಿನ ತಲೆ ಕೂರುವ ಜಾಗದ ಸುತ್ತ ಬಿರುಕು ಅಥವಾ ಹೊಸ ವೆಲ್ಡಿಂಗ್ ಇದೆಯೇ ಎಂದು ಪರೀಕ್ಷಿಸಿ. ಇಲ್ಲಿ ತುಕ್ಕು ಕಂಡರೆ ಆ ಕಾರನ್ನು ಬಿಟ್ಟುಬಿಡುವುದು ಒಳ್ಳೆಯದು.

ಮಲೆನಾಡಿನ ಕಾರುಗಳಲ್ಲಿ ವಿಶೇಷವಾಗಿ ನೋಡಬೇಕಾದ ಇನ್ನೊಂದು ಜಾಗವಿದೆ. ಮುಂದಿನ ಗಾಜಿನ ಬುಡದಲ್ಲಿ, ವೈಪರುಗಳ ಹತ್ತಿರ ಇರುವ ಜಾಲರಿಯ ಕೆಳಗೆ ಮಳೆನೀರು ಹರಿದುಹೋಗುವ ಕಾಲುವೆ ಇರುತ್ತದೆ. ಮರದ ಕೆಳಗೆ ನಿಂತ ಕಾರಿನಲ್ಲಿ ಅದು ತರಗೆಲೆಯಿಂದ ತುಂಬಿ, ಎಲೆ ಕೊಳೆತು ಗೊಬ್ಬರವಾಗಿ, ನೀರು ಹೋಗಲು ದಾರಿಯಿಲ್ಲದೆ ಕಾರಿನ ಒಳಕ್ಕೆ ಇಳಿಯುತ್ತದೆ. ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿದಾಗ ತೇವ ತಾಗಿದರೆ ಕಾರಣ ಬಹುಪಾಲು ಇದೇ.

ನಂಬರ್ ಪ್ಲೇಟನ್ನೂ ಗಮನಿಸಿ. ಕರಾವಳಿಯ ಕೆಎ 19, ಕೆಎ 20ರ ಕಾರುಗಳಲ್ಲಿ ಉಪ್ಪುಗಾಳಿಯ ತುಕ್ಕು, ನಮ್ಮ ಕೆಎ 14, ಕೆಎ 15, ಕೆಎ 18ರ ಕಾರುಗಳಲ್ಲಿ ತೇವದ ತುಕ್ಕು ಸಾಮಾನ್ಯ. ಚಿತ್ರದುರ್ಗದ ಕೆಎ 16, ದಾವಣಗೆರೆಯ ಕೆಎ 17, ಬಳ್ಳಾರಿಯ ಕೆಎ 34ರ ಕಾರಿನಲ್ಲಿ ಬಣ್ಣ ಬಿಸಿಲಿಗೆ ಮಂಕಾಗಿದ್ದರೂ ತಗಡು ಉಳಿದಿರುತ್ತದೆ. ಘಟ್ಟದ ಕೆಳಗೆ ಹುಡುಕುವ ಬದಲು ಬಯಲುಸೀಮೆಯಲ್ಲಿ ಹುಡುಕಬೇಕೆಂಬುದು ನನ್ನ ಖಚಿತ ಸಲಹೆ. ಆದರೆ ಪ್ಲೇಟು ನೋಂದಣಿಯ ಊರನ್ನಷ್ಟೇ ಹೇಳುತ್ತದೆ. ಕಾರು ಇಷ್ಟು ವರ್ಷ ಎಲ್ಲಿ ನಿಂತಿತ್ತು ಎಂಬುದನ್ನು ಮಾಲೀಕರಿಂದ ಕೇಳಿಯೇ ತಿಳಿಯಬೇಕು.

ಕಾಗದಪತ್ರ

ಚಾಸಿ ನಂಬರ್ ಮತ್ತು ಎಂಜಿನ್ ನಂಬರನ್ನು ಆರ್‌ಸಿಯೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಿದ ಮೇಲೆಯೇ ಮುಂಗಡ ಕೊಡಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆ ಬಳಿಕ ಆರ್‌ಟಿಒ ತಪಾಸಣೆಗೆ ಒಪ್ಪಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಹಸಿರು ತೆರಿಗೆ, ಅತಿ ಸುರಕ್ಷಿತ ನೋಂದಣಿ ಫಲಕ, ವಿಮೆ ಇವುಗಳ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. 2021ರ ಕೇಂದ್ರ ನಿಯಮದಂತೆ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ಇದೆಯಾದರೂ ಅದು 50 ವರ್ಷ ದಾಟಿದ ವಾಹನಗಳಿಗೆ ಮಾತ್ರ; 1990ರ ದಶಕದ ಕಾರಿಗೆ ಅನ್ವಯಿಸುವುದಿಲ್ಲ. ಬಣ್ಣ ಬದಲಿಸಿದರೆ ಆರ್‌ಸಿಯಲ್ಲಿ ನಮೂದಾಗಬೇಕು, ಎಂಜಿನ್ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ವಿಧಿಯಡಿ ಅನುಮತಿ ಬೇಕು. ಮಾಲೀಕರು ತೀರಿಕೊಂಡು, ವಾರಸುದಾರರ ಹೆಸರಿಗೆ ವರ್ಗವಾಗದ ಕಾರನ್ನು ಎಷ್ಟೇ ಅಗ್ಗವಾಗಿ ಕೊಟ್ಟರೂ, ವರ್ಗಾವಣೆ ಮುಗಿಯುವವರೆಗೆ ಮನೆಗೆ ತರಬೇಡಿ.

ಕೆಲಸವನ್ನು ಋತುವಿಗೆ ಹೊಂದಿಸಿ

ಇದೇ ಈ ಲೇಖನದ ಮುಖ್ಯ ಮಾತು. ಆರಿದ್ರಾ ಮಳೆ ಹಿಡಿದ ಮೇಲೆ ಆಶ್ಲೇಷ ಮುಗಿಯುವವರೆಗೆ ನಮ್ಮಲ್ಲಿ ಗಾಳಿಯೇ ನೀರಾಗಿರುತ್ತದೆ. ಆಗ ಬಣ್ಣ ತೆಗೆದು ಬೆತ್ತಲೆ ಮಾಡಿದ ತಗಡು ಒಂದೇ ರಾತ್ರಿಯಲ್ಲಿ ಕೆಂಪಾಗುತ್ತದೆ, ಅದರ ಮೇಲೆ ಪ್ರೈಮರ್ ಹೊಡೆದರೆ ತುಕ್ಕನ್ನು ಒಳಗಿಟ್ಟು ಮುಚ್ಚಿದಂತಾಗುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಸೂರಿನ ಕೆಳಗೆ ಕುಳಿತು ಮಾಡಬಹುದಾದ ಎಂಜಿನ್, ಗೇರ್‌ಬಾಕ್ಸ್, ವೈರಿಂಗ್, ಸೀಟುಗಳ ಕೆಲಸವನ್ನು ಇಟ್ಟುಕೊಳ್ಳಿ. ದಸರಾ ಕಳೆದ ಮೇಲೆ ಮಳೆ ಬಿಟ್ಟರೂ, ಅಡಿಕೆ ಕೊಯ್ಲಿನ ಕಾಲದಲ್ಲಿ ಅಂಗಳ ಖಾಲಿ ಇರುವುದಿಲ್ಲ, ಸುಲಿತ, ಬೇಯಿಸುವುದು, ಒಣಗಿಸುವುದರ ನಡುವೆ ಮನೆಯವರಿಗೆ ಪುರುಸೊತ್ತೂ ಇರುವುದಿಲ್ಲ. ಟಿಂಕರಿಂಗ್ ಮತ್ತು ಬಣ್ಣದ ಕೆಲಸಕ್ಕೆ ಸಂಕ್ರಾಂತಿಯಿಂದ ಏಪ್ರಿಲ್‌ವರೆಗಿನ ಒಣ ತಿಂಗಳುಗಳೇ ಸರಿಯಾದ ಕಾಲ. ಈ ಲೆಕ್ಕದಲ್ಲಿ ಒಂದು ಕಾರು ಮುಗಿಯಲು ಕನಿಷ್ಠ ಒಂದು ವರ್ಷ ಹಿಡಿಯುತ್ತದೆ. ಅದಕ್ಕಿಂತ ಬೇಗ ಮುಗಿಸುತ್ತೇವೆಂದು ಯಾರಾದರೂ ಹೇಳಿದರೆ, ಒದ್ದೆ ತಗಡಿನ ಮೇಲೆ ಬಣ್ಣ ಬೀಳುವ ಸಾಧ್ಯತೆಯೇ ಹೆಚ್ಚು.

ಬಿಚ್ಚುವಾಗ ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಬೋಲ್ಟುಗಳನ್ನು ಭಾಗವಾರು ಡಬ್ಬಿಗಳಲ್ಲಿ ಹಾಕಿ ಹೆಸರು ಬರೆಯಿರಿ. ಹೊಸ ಬಿಡಿಭಾಗ ಬಂದು ಕೂರುವವರೆಗೆ ಹಳೆಯದನ್ನು, ಅದು ಮುರಿದದ್ದಾದರೂ, ಎಸೆಯಬೇಡಿ. ಜ್ಯಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ಎಂದಿಗೂ ಹೋಗಬೇಡಿ.

ಮಳೆಗಾಲದ ಕೆಲಸ: ಎಂಜಿನ್ ಮತ್ತು ವೈರಿಂಗ್

ವರ್ಷಗಟ್ಟಲೆ ನಿಂತ ಎಂಜಿನ್ನಿಗೆ ಬ್ಯಾಟರಿ ಕೊಟ್ಟು ಸ್ಟಾರ್ಟರ್ ಹೊಡೆಯುವುದು ಬಹಳ ಹಾನಿಕರ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೆ ಸ್ವಲ್ಪ ಎಣ್ಣೆ ಬಿಟ್ಟು, ಕೆಲವು ದಿನ ಕಾದು, ಕ್ರ್ಯಾಂಕ್ ತುದಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಿಂದಲೇ ತಿರುಗಿಸಿ. ಸಲೀಸಾಗಿ ತಿರುಗಿದರೆ ಮುಂದುವರಿಯಬಹುದು. ಎಂಜಿನ್ ಓಡುವ ಸ್ಥಿತಿಗೆ ಬಂದ ಬಳಿಕ ಕಂಪ್ರೆಷನ್ (ಸಿಲಿಂಡರಿನೊಳಗೆ ಹುಟ್ಟುವ ಒತ್ತಡ) ಅಳೆಯಿಸಿ. ನಾಲ್ಕು ಸಿಲಿಂಡರುಗಳ ನಡುವಿನ ವ್ಯತ್ಯಾಸ ಶೇ 10ರಿಂದ 15ರ ಒಳಗಿದ್ದರೆ ಎಂಜಿನ್ ಬಿಚ್ಚುವ ಅಗತ್ಯವಿಲ್ಲ. ಒಂದರಲ್ಲಿ ಮಾತ್ರ ಕಡಿಮೆ ಬಂದು, ಅಲ್ಲಿಗೆ ಚಮಚದಷ್ಟು ಎಣ್ಣೆ ಬಿಟ್ಟಾಗ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ದೋಷ ವಾಲ್ವಿನಲ್ಲಿದೆ ಎಂದು ತಿಳಿಯಬಹುದು.

ವಾಲ್ವುಗಳನ್ನು ಪಿಸ್ಟನ್ನುಗಳ ಚಲನೆಗೆ ಹೊಂದಿಸಿ ಓಡಿಸುವ ಟೈಮಿಂಗ್ ಬೆಲ್ಟನ್ನು, ಅದು ನೋಡಲು ಹೊಸದರಂತೆ ಕಂಡರೂ, ಬದಲಿಸಿ. ಹೋಂಡಾ ಸಿಟಿಯ ಎಂಜಿನ್ನಿನಲ್ಲಿ ಬೆಲ್ಟ್ ಹರಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ರಬ್ಬರು ಓಡಿದ ಕಿಲೊಮೀಟರಿನಿಂದ ಮಾತ್ರವಲ್ಲ, ವಯಸ್ಸಿನಿಂದಲೂ ಕೆಡುತ್ತದೆ. ವಾಟರ್ ಪಂಪ್ ಕೂಡ ಅದೇ ಜಾಗದಲ್ಲಿರುವುದರಿಂದ ಎರಡನ್ನೂ ಒಟ್ಟಿಗೆ ಹಾಕಿಸಿದರೆ ಮಜೂರಿ ಉಳಿಯುತ್ತದೆ. ವಿಟೆಕ್ ಎಂಜಿನ್ ಇದ್ದವರು ಆಯಿಲ್ ವಿಷಯದಲ್ಲಿ ವಿಶೇಷ ಎಚ್ಚರ ವಹಿಸಬೇಕು. ಎಂಜಿನ್ ಸುತ್ತು ಹೆಚ್ಚಾದಾಗ ಆಯಿಲ್‌ನ ಒತ್ತಡವೇ ಸಣ್ಣ ಪಿನ್ನುಗಳನ್ನು ಸರಿಸಿ, ವಾಲ್ವುಗಳು ಹೆಚ್ಚು ಎತ್ತರಕ್ಕೆ, ಹೆಚ್ಚು ಹೊತ್ತು ತೆರೆಯುವಂತೆ ಮಾಡುತ್ತದೆ. ಆ ವೇಗದ ಸೊಗಸೆಲ್ಲ ನಿಂತಿರುವುದು ಶುದ್ಧವಾದ, ಸರಿಯಾದ ಮಟ್ಟದ ಆಯಿಲ್ ಮೇಲೆ. ಕಸ ಕಟ್ಟಿದ ಆಯಿಲ್‌ನಲ್ಲಿ ಆ ಪಿನ್ನುಗಳು ಸರಿಯುವುದಿಲ್ಲ.

ಇಂದಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ, ಎಥನಾಲ್ ತೇವವನ್ನು ಹೀರುತ್ತದೆ. ಈ ಕಾರುಗಳ ಹಳೆಯ ರಬ್ಬರ್ ಪೈಪುಗಳು ಅದನ್ನು ಗಮನದಲ್ಲಿಟ್ಟು ಮಾಡಿದವಲ್ಲ. ಟ್ಯಾಂಕ್ ಇಳಿಸಿ ತೊಳೆಸಿ, ಪೈಪುಗಳನ್ನೆಲ್ಲ ಎಥನಾಲ್ ತಡೆಯುವ ಬಗೆಗೆ ಬದಲಿಸಿ.

ಲೇತ್, ಬೋರಿಂಗ್, ಹೆಡ್ ಫೇಸಿಂಗ್ ಕೆಲಸಗಳಿಗೆ ಊರು ಬಿಟ್ಟು ಹೋಗಬೇಕಿಲ್ಲ. ಎರಕದ ಕಾರ್ಖಾನೆಗಳೂ ಅವುಗಳನ್ನು ಅವಲಂಬಿಸಿದ ಯಂತ್ರಗೆಲಸದ ಅಂಗಡಿಗಳೂ ಬೆಳೆದ ಶಿವಮೊಗ್ಗದಲ್ಲಿ ನುರಿತ ಕೈಗಳಿವೆ, ಸಾಗರ ರಸ್ತೆಯ ಆಟೊ ಕಾಂಪ್ಲೆಕ್ಸಿನಲ್ಲಿ ವಿಚಾರಿಸಿದರೆ ದಾರಿ ತಿಳಿಯುತ್ತದೆ.

ವೈರಿಂಗಿನಲ್ಲಿ ನಮ್ಮ ಮೊದಲ ಶತ್ರು ಇಲಿ. ಕಡಿದ ತಂತಿಗಳನ್ನು ಟೇಪು ಸುತ್ತಿ ಬಿಡದೆ, ಅದೇ ದಪ್ಪದ, ಅದೇ ಬಣ್ಣದ ತಂತಿಯನ್ನು ಬೆಸೆದು, ಶಾಖಕ್ಕೆ ಕುಗ್ಗುವ ತೋಳು ಹಾಕಿಸಿ. ಎರಡನೆಯ ಶತ್ರು ತುಕ್ಕು ಹಿಡಿದ ಅರ್ಥಿಂಗ್. ಎಂಜಿನ್ನಿಗೂ ಬಾಡಿಗೂ ಅರ್ಥ್ ಸೇರುವ ಪ್ರತಿ ಬೋಲ್ಟನ್ನೂ ಬಿಚ್ಚಿ, ತಗಡು ಹೊಳೆಯುವಂತೆ ಉಜ್ಜಿ, ಗ್ರೀಸ್ ಸವರಿ ಬಿಗಿದರೆ, ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಕೆಟ್ಟಿದೆ ಎಂದು ತಿಳಿದಿದ್ದ ಎಷ್ಟೋ ತೊಂದರೆಗಳು ಅಷ್ಟರಲ್ಲೇ ನಿವಾರಣೆಯಾಗುತ್ತವೆ. ಆ ಕಾಲದ ಹೋಂಡಾ ಕಾರುಗಳು ಬಿಸಿಯಾದಾಗ ಸ್ಟಾರ್ಟ್ ಆಗದಿದ್ದರೆ ಪೆಟ್ರೋಲ್ ಪಂಪಿಗೆ ವಿದ್ಯುತ್ ಕೊಡುವ ಮೇನ್ ರಿಲೇ ಎಂಬ ಸ್ವಿಚ್ಚಿನ ಒಳಗಿನ ಬೆಸುಗೆ ಬಿರಿದಿದೆಯೇ ಎಂದು ಮೊದಲು ನೋಡಿಸಬೇಕು. ಟಿವಿ ರಿಪೇರಿ ಬಲ್ಲವರು ಅದನ್ನು ಮರುಬೆಸುಗೆ ಮಾಡಿಕೊಡಬಲ್ಲರು.

ಬ್ರೇಕಿನ ಹೋಸ್, ಸೀಲ್, ಫ್ಲೂಯಿಡ್ ಎಲ್ಲವನ್ನೂ ಹೊಸದಾಗಿ ಹಾಕಿಸಿ. ಈ ದ್ರವ ಗಾಳಿಯ ತೇವವನ್ನು ಹೀರಿಕೊಂಡು, ಘಟ್ಟ ಇಳಿಯುವಾಗಿನ ಶಾಖಕ್ಕೆ ಆವಿಯಾಗಿ ಪೆಡಲ್ ಒಳಕ್ಕೆ ಕುಸಿಯುವಂತೆ ಮಾಡುತ್ತದೆ. ಬಯಲಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಸಾಕು, ಮಲೆನಾಡಿನಲ್ಲಿ ವರ್ಷಕ್ಕೊಮ್ಮೆ ಬದಲಿಸುವುದು ಕ್ಷೇಮ.

ಬೇಸಿಗೆಯ ಕೆಲಸ: ತುಕ್ಕು ಮತ್ತು ಬಣ್ಣ

ತುಕ್ಕು ಹಿಡಿದ ತಗಡಿನ ಮೇಲೆ ತಗಡು ಹೊದಿಸಿ ಬೆಸೆಯುವ ಪದ್ಧತಿಯನ್ನು ಒಪ್ಪಬೇಡಿ. ಎರಡು ಪದರಗಳ ನಡುವೆ ನೀರು ನಿಂತು ಮುಂದಿನ ಮಳೆಗಾಲದ ಹೊತ್ತಿಗೆ ರೋಗ ಇಮ್ಮಡಿಯಾಗಿರುತ್ತದೆ. ಕೆಟ್ಟ ಭಾಗವನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ, ಅದೇ ಆಕಾರದ ಹೊಸ ತುಂಡನ್ನು ಅಂಚಿಗೆ ಅಂಚು ಕೂಡಿಸಿ ಬೆಸೆಯಬೇಕು. ಮುಕ್ಕಾಲು ಮಿಲಿಮೀಟರಿನ ಆಸುಪಾಸಿನ ಈ ತಗಡಿಗೆ ಗ್ಯಾಸ್ ವೆಲ್ಡಿಂಗಿನ ಶಾಖ ಹೆಚ್ಚಾಗಿ ಸೊಟ್ಟಗಾಗುತ್ತದೆ, ಆದ್ದರಿಂದ ಮಿಗ್ ವೆಲ್ಡಿಂಗ್ (ತೆಳ್ಳನೆಯ ತಂತಿಯನ್ನು ವಿದ್ಯುತ್ತಿನಿಂದ ಕರಗಿಸಿ ಬೆಸೆಯುವ ಬಗೆ) ಇರುವವರ ಬಳಿಯೇ, ಚುಕ್ಕಿ ಚುಕ್ಕಿಯಾಗಿ, ನಡುನಡುವೆ ತಣಿಯಲು ಬಿಟ್ಟು ಮಾಡಿಸಿ. ಅದಕ್ಕೂ ಮೊದಲು ಬ್ಯಾಟರಿ ಕಳಚಿ, ಪೆಟ್ರೋಲ್ ಟ್ಯಾಂಕ್ ಮತ್ತು ಸೀಟುಗಳನ್ನು ಹೊರಗಿಡಿ. ಪೆಟ್ಟಿಗೆಯಂಥ ಒಳಭಾಗಗಳಿಗೆ ಬಣ್ಣದ ಕೆಲಸ ಮುಗಿದ ಮೇಲೆ ಮೇಣದಂಥ ರಕ್ಷಕವನ್ನು ಕೊಳವೆಯಿಂದ ಸಿಂಪಡಿಸುವುದು ಹೊರಗಿನ ಹೊಳಪಿಗಿಂತ ಮುಖ್ಯವಾದ ಕೆಲಸ, ಹಾಗಿದ್ದೂ ಹೆಚ್ಚಿನವರು ಕೈಬಿಡುವುದು ಇದನ್ನೇ.

ಉಜ್ಜಿದ ತಗಡಿಗೆ ಅದೇ ದಿನ ಎಪಾಕ್ಸಿ ಪ್ರೈಮರ್ ಬೀಳಬೇಕು. ಪುಟ್ಟಿ ಅದರ ಮೇಲೆ, ತೆಳ್ಳಗೆ. ಬೇಸಿಗೆಯಲ್ಲಿಯೂ ನಮ್ಮ ಬೆಳಗಿನ ಇಬ್ಬನಿ ತಗಡಿನ ಮೇಲೆ ಕಣ್ಣಿಗೆ ಕಾಣದಂತೆ ಕೂತಿರುತ್ತದೆ, ಹಾಗಾಗಿ ಬಣ್ಣ ಹೊಡೆಯಲು ಬಿಸಿಲೇರಿದ ಮೇಲಿನ ಹೊತ್ತೇ ಸರಿ. ಎರಡು ದ್ರಾವಣ ಬೆರೆಸಿ ಹೊಡೆಯುವ ಇಂದಿನ ಬಣ್ಣಗಳಲ್ಲಿ ಐಸೊಸಯನೇಟ್ ಎಂಬ, ಶ್ವಾಸಕೋಶಕ್ಕೆ ಹಾನಿ ಮಾಡುವ ರಾಸಾಯನಿಕ ಇರುತ್ತದೆ. ಮೂಗಿಗೆ ಟವೆಲ್ ಕಟ್ಟಿಕೊಂಡರೆ ರಕ್ಷಣೆ ಸಿಗುವುದಿಲ್ಲ. ಈ ಕೆಲಸಕ್ಕೆಂದೇ ಮಾಡಿದ ಮುಖವಾಡ ಮತ್ತು ಬಣ್ಣದ ಬೂತ್ ಇರುವ ಗ್ಯಾರೇಜಿಗೆ ಒಪ್ಪಿಸುವುದು ಉತ್ತಮ.

ಓಡಿಸುವುದು ಮತ್ತು ಮೊದಲ ಮಳೆ

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ಮಾಡಿದ್ದು ಎಂದರ್ಥ. ಆರೇಳು ವರ್ಷ ದಾಟಿದ ಟೈರನ್ನು, ಗೆರೆ ಉಳಿದಿದ್ದರೂ, ಒದ್ದೆ ರಸ್ತೆಯಲ್ಲಿ ನಂಬಬೇಡಿ. ಮೊದಲ ಓಟಗಳನ್ನು ಶಿವಮೊಗ್ಗದ ಸುತ್ತಲಿನ ಸಮತಟ್ಟಾದ ರಸ್ತೆಗಳಲ್ಲಿಯೇ ಇಟ್ಟುಕೊಂಡು, ಪ್ರತಿ ಸಲ ಮರಳಿದಾಗ ಆಯಿಲ್, ಕೂಲೆಂಟ್, ಬ್ರೇಕ್ ದ್ರವದ ಮಟ್ಟ ನೋಡಿ. ಎಂಜಿನ್ ಬಿಚ್ಚಿ ಕಟ್ಟಿದ್ದರೆ ಮೊದಲ ಸಾವಿರ ಕಿಲೊಮೀಟರಿಗೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಆಗುಂಬೆಯ 14 ತಿರುವುಗಳಿಗೆ ಕಾರನ್ನು ಒಯ್ಯುವುದು ಇದೆಲ್ಲ ಆದ ಮೇಲೆ. ಆಗಲೂ ಇಳಿಯುವಾಗ ಎರಡನೆಯ ಗೇರಿನಲ್ಲಿಯೇ ಇಳಿಯಿರಿ.

ಜೂನ್‌ನಲ್ಲಿ ಮೊದಲ ಜೋರು ಮಳೆ ಬಿದ್ದ ಮರುದಿನ ಕಾರ್ಪೆಟ್ ಮತ್ತು ಸ್ಟೆಪ್ನಿ ಎತ್ತಿ ನೋಡಿ. ತೇವ ಕಂಡರೆ ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂತು, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡುತ್ತಾ, ಗಾಜಿನ ಅಂಚು, ಬಾಗಿಲಿನ ರಬ್ಬರು, ಹಿಂದಿನ ದೀಪದ ಗ್ಯಾಸ್ಕೆಟ್ ಹೀಗೆ ಒಂದೊಂದೇ ಜಾಗವನ್ನು ಪರೀಕ್ಷಿಸಿ ಸೋರುವ ಕಡೆಯನ್ನು ಪತ್ತೆ ಹಚ್ಚಬೇಕು. ಮಳೆಗಾಲವಿಡೀ ಕಾರಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಬೇಡಿ, ಅದು ತೇವವನ್ನು ಒಳಗೇ ಹಿಡಿದಿಡುತ್ತದೆ. ಮೇಲೆ ಸೂರು, ಸುತ್ತ ಗಾಳಿ, ಕೆಳಗೆ ಮಣ್ಣಿನ ಬದಲು ಕಾಂಕ್ರೀಟ್ ನೆಲ ಇರಲಿ. ಟ್ಯಾಂಕ್ ತುಂಬಿಸಿಟ್ಟು, ವಾರಕ್ಕೊಮ್ಮೆ ಮಳೆ ಬಿಡುವು ಕೊಟ್ಟಾಗ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸಿ ಬನ್ನಿ. ಬಂದ ಮೇಲೆ ಚಕ್ರದ ಕಮಾನುಗಳ ಒಳಗೆ ಅಂಟಿದ ಕೆಸರನ್ನು ನೀರು ಬಿಟ್ಟು ತೊಳೆಯಿರಿ.