ಬೋಟಿನ 12 ವೋಲ್ಟ್ ಪ್ಯಾನೆಲ್: ಮಳೆಗಾಲದಲ್ಲೇ ವೈರಿಂಗ್ ಬದಲಿಸಿ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ರಜೆ. ಮಲ್ಪೆಯಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ. ಬಲೆ ರಿಪೇರಿ, ಎಂಜಿನ್ ಕೆಲಸ, ಪೇಂಟ್ ಎಲ್ಲ ನಡೆಯುತ್ತದೆ. ಸ್ವಿಚ್, ಫ್ಯೂಸ್ ಇರುವ ಪ್ಯಾನೆಲ್‌ನ ಬಾಗಿಲು ಮಾತ್ರ ಯಾರೂ ತೆರೆಯುವುದಿಲ್ಲ. ಲೈಟ್ ಉರಿಯುತ್ತಿದೆ, ಸಾಕು ಅಂದುಕೊಳ್ಳುತ್ತೇವೆ. ಆದರೆ ಜಿಪಿಎಸ್, ವೈರ್‌ಲೆಸ್, ಬಿಲ್ಜ್ ಪಂಪ್ (ಬೋಟಿನ ತಳದಲ್ಲಿ ಸೇರಿದ ನೀರು ಹೊರಹಾಕುವ ಪಂಪ್) ಎಲ್ಲಕ್ಕೂ ಕರೆಂಟ್ ಹೋಗುವುದು ಅಲ್ಲಿಂದಲೇ ಅಲ್ವಾ? ಇಲ್ಲಿ ಹೇಳುವುದು 12 ವೋಲ್ಟಿನ ಸಣ್ಣ ಬೋಟಿನ ಮಾತು. 24 ವೋಲ್ಟ್ ಆದರೆ ಲೆಕ್ಕ ಬೇರೆ, ಕೆಲಸದ ಕ್ರಮ ಅದೇ.

ಬಿಚ್ಚುವ ಮುಂಚೆ ಫೋಟೊ ತೆಗೆಯಿರಿ. ಪ್ರತಿ ವೈರಿಗೂ ಎರಡೂ ತುದಿಯಲ್ಲಿ ಹೆಸರು ಬರೆದು ಅಂಟಿಸಿ. ಬ್ಯಾಟರಿಯಲ್ಲಿ ನೆಗೆಟಿವ್ ಮೊದಲು ಬಿಚ್ಚಿ. ಕೊನೆಗೆ ಜೋಡಿಸುವಾಗ ನೆಗೆಟಿವ್ ಕೊನೆಗೆ.

ಈಗ ಹಳೇ ವೈರಿನ ತುದಿ ಒಂದಿಂಚು ಸುಲಿದು ನೋಡಿ. ಹೊರಗೆ ಕೆಂಪು ಸಿಪ್ಪೆ ಹೊಳೆಯುತ್ತಿರುತ್ತದೆ, ಒಳಗಿನ ತಾಮ್ರ ಕಪ್ಪಾಗಿರುತ್ತದೆ. ಲಗ್ (ವೈರ್ ತುದಿಗೆ ಹಾಕುವ ಲೋಹದ ಕೊಂಡಿ) ಹತ್ತಿರ ಹಸಿರು ಕಿಲುಬು. ಉಪ್ಪುನೀರು ಎಳೆಗಳ ಸಂದಿಯಲ್ಲಿ ಹತ್ತಿಕೊಂಡು ಒಳಗೆ ಹೋಗುತ್ತದೆ. ಇನ್ನೂ ಒಂದಡಿ ಕತ್ತರಿಸಿದರೂ ಕಪ್ಪೇ ಸಿಕ್ಕರೆ ಆ ವೈರನ್ನು ಪೂರ್ತಿ ತೆಗೆಯಿರಿ. ಹೊಸದು ತವರದ ಲೇಪ ಇರುವ, ಸಣ್ಣ ಎಳೆಗಳ ತಾಮ್ರದ ವೈರೇ ಆಗಲಿ. ಮನೆಯ ಒಂಟಿ ಕಂಬಿ ವೈರ್ ಅಲೆಯ ಕುಲುಕಾಟಕ್ಕೆ ಮುರಿಯುತ್ತದೆ.

ಎಷ್ಟು ದಪ್ಪದ ವೈರ್? ಜಾಸ್ತಿ ಜನ ತಪ್ಪುವುದು ಇಲ್ಲೇ. ಪಂಪ್ 10 ಮೀಟರ್ ದೂರದಲ್ಲಿದೆ, 5 ಆಂಪಿಯರ್ ಎಳೆಯುತ್ತದೆ ಅನ್ನಿ. ಹೋಗಿ ಬರುವ ದಾರಿ ಸೇರಿಸಿ 20 ಮೀಟರ್ ವೈರ್. 2.5 ಸ್ಕ್ವೇರ್ ಎಂಎಂ ಹಾಕಿದರೆ ಸುಮಾರು 0.7 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. 6 ಸ್ಕ್ವೇರ್ ಹಾಕಿದರೆ 0.3ರ ಒಳಗೆ. ಪಂಪ್, ವೈರ್‌ಲೆಸ್, ನ್ಯಾವಿಗೇಷನ್ ಲೈಟಿಗೆ ಶೇ 3ಕ್ಕಿಂತ, ಅಂದರೆ 0.36 ವೋಲ್ಟಿಗಿಂತ ಹೆಚ್ಚು ಇಳಿಯಬಾರದು. ದುಡ್ಡು ಉಳಿಸುವ ಜಾಗ ಇದಲ್ಲ.

ಬ್ಯಾಟರಿ ಪಾಸಿಟಿವ್‌ನಿಂದ ಒಂದು ಗೇಣಿನೊಳಗೆ ಮುಖ್ಯ ಫ್ಯೂಸ್ ಇರಲಿ. ಬ್ಯಾಟರಿಗೂ ಫ್ಯೂಸ್‌ಗೂ ನಡುವಿನ ವೈರ್ ಎಲ್ಲಾದರೂ ತಾಗಿದರೆ ಬೆಂಕಿ ಹತ್ತಿಕೊಳ್ಳಬಹುದು, ತಡೆಯಲು ಏನೂ ಇರುವುದಿಲ್ಲ. ಪ್ಯಾನೆಲ್‌ನಲ್ಲಿ ಒಂದೊಂದು ಲೈನಿಗೂ ಬೇರೆ ಫ್ಯೂಸ್. ಅದರ ಆಂಪಿಯರ್ ಆ ವೈರ್ ತಾಳುವ ಕರೆಂಟಿನ ಒಳಗೇ ಇರಬೇಕು. ಮನೆಯ ಎಸಿ ಸ್ವಿಚ್, ಎಂಸಿಬಿ ತಂದು ಹಾಕಬೇಡಿ. ಬ್ಯಾಟರಿಯ ಡಿಸಿ ಕರೆಂಟ್ ಮನೆಯ ಎಸಿಯಂತೆ ಮಧ್ಯೆ ಸೊನ್ನೆಗೆ ಬರುವುದಿಲ್ಲ, ಹಾಗಾಗಿ ಒಳಗೆ ಹುಟ್ಟಿದ ಕಿಡಿ ಆರದೆ ಸ್ವಿಚ್ಚನ್ನೇ ಸುಡಬಹುದು. ನೆಗೆಟಿವ್ ವೈರ್‌ಗಳೆಲ್ಲ ಒಂದೇ ಬಸ್ ಬಾರಿಗೆ (ಹಲವು ವೈರ್ ಜೋಡಿಸುವ ಲೋಹದ ಪಟ್ಟಿಗೆ) ಬರಲಿ.

ಆಟೊಮ್ಯಾಟಿಕ್ ಬಿಲ್ಜ್ ಪಂಪ್‌ನ ಲೈನ್ ಮಾತ್ರ ಮೇನ್ ಸ್ವಿಚ್ಚಿಗೆ ಹೋಗದೆ, ತನ್ನದೇ ಫ್ಯೂಸಿನ ಮೂಲಕ ನೇರ ಬ್ಯಾಟರಿಗೆ. ರಾತ್ರಿ ಎಲ್ಲ ಆಫ್ ಮಾಡಿ ಮನೆಗೆ ಹೋದಾಗಲೂ ಬೋಟಿಗೆ ನೀರು ನುಗ್ಗಬಹುದು.

ತಿರುಚಿ ಟೇಪ್ ಸುತ್ತುವುದು ಬೇಡವೇ ಬೇಡ. ಸರಿಯಾದ ಅಳತೆಯ ರಿಂಗ್ ಲಗ್, ಅದನ್ನು ಒತ್ತಿ ಬಿಗಿಯುವ ಒಳ್ಳೆ ಕ್ರಿಂಪಿಂಗ್ ಟೂಲ್, ಮೇಲೆ ಒಳಗಡೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಬಿಗಿಯುವ ಕೊಳವೆ). ಕ್ರಿಂಪ್ ಆದ ಮೇಲೆ ಕೈಯಲ್ಲಿ ಗಟ್ಟಿಯಾಗಿ ಎಳೆದು ನೋಡಿ, ಬಿಟ್ಟುಬಂದರೆ ಮತ್ತೆ ಮಾಡಿ. ಪ್ಯಾನೆಲ್ ಸೇರುವ ಮುಂಚೆ ವೈರ್ ಒಮ್ಮೆ ಕೆಳಗೆ ಬಾಗಿ ಮೇಲೆ ಬರಲಿ. ಹರಿದು ಬಂದ ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಕೊನೆಗೆ ಎಂಜಿನ್ ನಿಲ್ಲಿಸಿ ಎಲ್ಲ ಲೋಡ್ ಆನ್ ಮಾಡಿ. ಬ್ಯಾಟರಿಯಲ್ಲಿ ಒಮ್ಮೆ, ಪಂಪ್ ಓಡುತ್ತಿರುವಾಗಲೇ ಅದರ ತುದಿಯಲ್ಲಿ ಒಮ್ಮೆ ಮೀಟರ್ ಇಡಿ. ಬ್ಯಾಟರಿಯಲ್ಲಿ 12.5, ಪಂಪ್ ಹತ್ತಿರ 12.2 ಇದ್ದರೆ ಚೆನ್ನಾಗಿದೆ. 11.8 ಇದ್ದರೆ ಹತ್ತು ನಿಮಿಷ ಓಡಲು ಬಿಟ್ಟು ಆಮೇಲೆ ಆಫ್ ಮಾಡಿ, ಒಂದೊಂದೇ ಲಗ್ ಮುಟ್ಟುತ್ತಾ ಹೋಗಿ. ಬೆಚ್ಚಗಿರುವುದನ್ನು ಕತ್ತರಿಸಿ, ಹೊಸದು ಹಾಕಿ, ಮತ್ತೆ ಮೀಟರ್ ಇಡಿ.