ಕಾಂಪೌಂಡ್ ಬಿಲ್ಲು ಬಿಟ್ಟು ಬರೀ ಬಿಲ್ಲು ಹಿಡಿಯುವುದು ಹೇಗೆ?

ಬಿಲ್ಲು ಬದಲಿಸಿದ ಮೊದಲ ದಿನವೇ ನನ್ನ ಎಡಗೈ ಮೇಲೆ ನೇರಳೆ ಹಣ್ಣಿನ ಬಣ್ಣದ ಬರೆ ಬಿತ್ತು. ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ, ಹೆದೆ ಬಡಿದ ಜಾಗ. ಮನೆಗೆ ಬಂದರೆ ಅಮ್ಮ ‘ಎಲ್ಲೋ ಬಿದ್ದೆ?’ ಅಂದರು. ನಾಲ್ಕು ವರ್ಷ ಯಂತ್ರದಂಥ ಆಧುನಿಕ ಕಾಂಪೌಂಡ್ ಬಿಲ್ಲು ಹೊಡೆದವನಿಗೆ ನಿಜ ಹೇಳಲು ನಾಚಿಕೆಯಾಯಿತು.

ಊರಂಚಿನ ಬಿಲ್ಲುಗಾರಿಕೆ ರೇಂಜುಗಳಲ್ಲಿ ಭಾನುವಾರ ಕಾಂಪೌಂಡ್ ಹೊಡೆಯುವವರಿಗೆ ಒಂದಲ್ಲ ಒಂದು ದಿನ ಈ ಆಸೆ ಹುಟ್ಟುತ್ತದೆ. ಗುರಿ ಹಿಡಿಯುವ ಸೈಟ್ ಬೇಡ, ಹೆದೆಯಲ್ಲಿ ಕಣ್ಣಿಟ್ಟು ನೋಡುವ ಪೀಪ್ ಕಿಂಡಿ ಬೇಡ, ಹೆದೆ ಬಿಡುವ ಟ್ರಿಗರ್ ಬೇಡ, ಬರೀ ಮರ ಮತ್ತು ಹೆದೆ ಸಾಕು ಅಂತ. ಒಳ್ಳೆಯದೇ. ಆದರೆ ಇಷ್ಟು ದಿನ ನಿಮ್ಮ ಪರವಾಗಿ ದುಡಿಯುತ್ತಿದ್ದದ್ದು ಯಾರು ಅಂತ ಮೊದಲು ತಿಳಿದುಕೊಳ್ಳಿ.

ಪೌಂಡಿನ ಲೆಕ್ಕ

ದುಡಿಯುತ್ತಿದ್ದದ್ದು ಬಿಲ್ಲಿನ ಎರಡು ತುದಿಯ ಗಾಲಿಗಳು. ಅಮೆರಿಕದ ಹಾಲೆಸ್ ವಿಲ್ಬರ್ ಆಲನ್ ಈ ಉಪಾಯಕ್ಕೆ 1969ರಲ್ಲಿ ಪೇಟೆಂಟ್ ಪಡೆದ. ಎಳೆಯುವಾಗ ನಡುವೆ ಭಾರ ಏರುತ್ತದೆ, ಕೊನೆಯಲ್ಲಿ ಗಾಲಿ ತಿರುಗಿ ಭಾರ ದಡಕ್ಕನೆ ಇಳಿಯುತ್ತದೆ. ನಿಮ್ಮದು ಎಳೆಯಲು 55 ಪೌಂಡ್ ಬಲ ಬೇಡುವ ಬಿಲ್ಲು, ಲೆಟ್-ಆಫ್ (ಕೊನೆಯಲ್ಲಿ ಇಳಿಯುವ ಭಾರ) ಶೇ 80 ಅಂದುಕೊಳ್ಳಿ. ಗುರಿ ಹಿಡಿದು ನಿಂತಾಗ ಕೈ ಮೇಲಿರುವುದು 11 ಪೌಂಡ್, ಅಂದರೆ ಐದೇ ಕೆ.ಜಿ.

ಬರೀ ಬಿಲ್ಲಿನಲ್ಲಿ ಇದು ಉಲ್ಟಾ. ಎಳೆದಷ್ಟೂ ಭಾರ. 30 ಪೌಂಡಿನ ಬಿಲ್ಲು ಪೂರ್ತಿ ಎಳೆದಾಗ ಪೂರ್ತಿ 30 ಪೌಂಡೇ, ಸುಮಾರು ಹದಿಮೂರೂವರೆ ಕೆ.ಜಿ. 25 ಕೆ.ಜಿ. ಅಕ್ಕಿ ಚೀಲದ ಅರ್ಧಕ್ಕಿಂತ ಜಾಸ್ತಿ, ಅದೂ ಮೂರು ಬೆರಳಲ್ಲಿ! ‘ಚಿಕ್ಕ’ ಬಿಲ್ಲು ಅನ್ನುವುದು ನಿಮ್ಮ ದೊಡ್ಡ ಬಿಲ್ಲಿಗಿಂತ ಮೂರು ಪಟ್ಟು ಹತ್ತಿರ ಭಾರವಾಯಿತು.

ಹಾಗಾಗಿ 25ರಿಂದ 30 ಪೌಂಡ್ ಒಳಗಿನದನ್ನೇ ಕೊಳ್ಳಿ. ನಾನು ಜಂಬಕ್ಕೆ 40 ಪೌಂಡಿನದು ತಂದೆ. ಮೂರು ವಾರ ಭುಜ ನೋವು, ಸ್ಕೂಟರಿನ ಸೈಡ್ ಸ್ಟ್ಯಾಂಡ್ ಹಾಕಲೂ ಬೇಜಾರು. ಇನ್ನೊಂದು ವಿಷಯ: ಬಿಲ್ಲಿನ ಮೇಲೆ ಬರೆದ ಪೌಂಡ್ 28 ಇಂಚು ಎಳೆದಾಗಿನದು. ನೀವು ಒಂದಿಂಚು ಕಡಿಮೆ ಎಳೆದರೆ ಎರಡು ಮೂರು ಪೌಂಡ್ ಇಳಿಯುತ್ತದೆ, ಜಾಸ್ತಿ ಎಳೆದರೆ ಅಷ್ಟೇ ಏರುತ್ತದೆ.

ಬಿಚ್ಚಿ ಮೂರು ತುಂಡು ಮಾಡಬಹುದಾದ ರಿಕರ್ವ್ (ತುದಿ ಮುಂದಕ್ಕೆ ಬಾಗಿದ ಬಿಲ್ಲು) ಆದರೆ ಅನುಕೂಲ. ಮುಂದೆ ತೋಳು ಬಲಿತಾಗ ಬರೀ ಲಿಂಬ್, ಅಂದರೆ ಬಗ್ಗುವ ಎರಡು ಪಟ್ಟಿ, ಬದಲಿಸಿದರೆ ಸಾಕು. ಬ್ಯಾಗಿನಲ್ಲೂ ಹಿಡಿಸುತ್ತದೆ. ಐದೂವರೆ ಅಡಿಯ, ಒಂದೇ ತುಂಡಿನ ಲಾಂಗ್‌ಬೋ ಹಿಡಿದು ಆಟೋ ಹತ್ತಿ ನೋಡಿ, ಆಮೇಲೆ ನನ್ನ ಮಾತು ನೆನಪಾಗುತ್ತದೆ. ಬಿದಿರಿನ ಬಿಲ್ಲೂ ಇದೆ. ನಮ್ಮ ದೇಶದ ‘ಇಂಡಿಯನ್ ರೌಂಡ್’ ಸ್ಪರ್ಧೆಯಲ್ಲಿ ಅದನ್ನೇ ಹಿಡಿದು 30 ಮತ್ತು 50 ಮೀಟರಿಗೆ ಹೊಡೆಯುತ್ತಾರೆ, ಸೈಟ್ ಇಲ್ಲದೆ.

ಹಳೆಯ ಬಾಣ ಮನೆಯಲ್ಲೇ ಇರಲಿ

ಎಲ್ಲರೂ ಎಡವುವುದು ಇಲ್ಲಿ. ‘ಬಾಣ ಇದೆಯಲ್ಲ, ಬಿಲ್ಲು ಮಾತ್ರ ಸಾಕು’ ಅನ್ನುತ್ತಾರೆ. ಸಾಲದು.

ಕಾಂಪೌಂಡಿನಲ್ಲಿ ಬಾಣ ಬಿಲ್ಲಿನ ನಡುಗೆರೆಯಲ್ಲೇ ನೇರ ಹೋಗುತ್ತದೆ. ಬರೀ ಬಿಲ್ಲಿನಲ್ಲಿ ಅದು ಹಿಡಿಯ ಪಕ್ಕದಲ್ಲಿ ಕೂತಿರುತ್ತದೆ. ಹೆದೆ ಬಿಟ್ಟಾಗ ಬಾಣ ಹಾವಿನ ಹಾಗೆ ಬಳುಕಿ, ಹಿಡಿಯನ್ನು ಸುತ್ತಿಕೊಂಡು ದಾಟಿ, ಆಮೇಲೆ ನೆಟ್ಟಗಾಗಬೇಕು. ಸ್ಲೋ ಮೋಷನ್ ವಿಡಿಯೋದಲ್ಲಿ ನೋಡಿದರೆ ಗಾಬರಿಯಾಗುವಷ್ಟು ಬಳುಕುತ್ತದೆ. ಬಾಣದ ಬಳುಕಿನ ಅಳತೆಗೆ ಸ್ಪೈನ್ ಅನ್ನುತ್ತಾರೆ. ನಿಮ್ಮ 400 ಸ್ಪೈನಿನ ಬಾಣ ಇದಕ್ಕೆ ತೀರಾ ಬಿರುಸು, ಬಳುಕುವುದೇ ಇಲ್ಲ. ಬಲಗೈಯವರು ಹೊಡೆದರೆ ಎಡಕ್ಕೆ ಸಿಡಿಯುತ್ತದೆ. ಸ್ಪೈನಿನಲ್ಲಿ ಸಂಖ್ಯೆ ಹೆಚ್ಚಾದಷ್ಟೂ ಬಾಣ ಮೆದು. 30 ಪೌಂಡಿಗೆ 600ರಿಂದ 800ರ ನಡುವೆ ಹುಡುಕಿ. ನಿಮ್ಮ ಎಳೆತ, ಬಾಣದ ಉದ್ದ, ಮೊನೆಯ ತೂಕ ನೋಡಿಯೇ ಆರಿಸಬೇಕು.

ಬಾಣದ ಹಿಂಬದಿಗೆ ಪ್ಲಾಸ್ಟಿಕ್ ವೇನ್ (ರೆಕ್ಕೆ) ಬೇಡ, ಹಕ್ಕಿಯ ಗರಿಯೇ ಇರಲಿ. ಬಾಣ ಬಿಲ್ಲಿಗೆ ತಾಗಿಕೊಂಡೇ ಹೋಗುವುದರಿಂದ ಗರಿ ಮಡಚಿಕೊಂಡು ದಾರಿ ಬಿಡುತ್ತದೆ, ಪ್ಲಾಸ್ಟಿಕ್ ಒದೆಯುತ್ತದೆ. ಮಳೆಯಲ್ಲಿ ಗರಿ ತೊಯ್ದು ಮಲಗುತ್ತದೆ ಅನ್ನುವುದೊಂದೇ ತಾಪತ್ರಯ. ಬಾಣದ ತೂಕ ಬಿಲ್ಲಿನ ಪೌಂಡಿಗೆ ಹತ್ತು ಗ್ರೇನಿನ ಲೆಕ್ಕದಲ್ಲಿರಲಿ. 30 ಪೌಂಡಿಗೆ 300 ಗ್ರೇನ್, ಸುಮಾರು 20 ಗ್ರಾಂ. ಬಾಣ ತೀರಾ ಹಗುರವಾದರೆ ಅದರ ಪಾಲಿನ ಹೊಡೆತ ಬಿಲ್ಲಿಗೇ ಬೀಳುತ್ತದೆ. ಬಾಣವೇ ಇಲ್ಲದೆ ಹೆದೆ ಬಿಡುವುದಂತೂ ಯಾವ ಬಿಲ್ಲಿಗೂ ಕೂಡದು.

ಬೆರಳಿಗೆ ಚರ್ಮದ ಟ್ಯಾಬ್, ಎಡಗೈಗೆ ಆರ್ಮ್ ಗಾರ್ಡ್ ಕೊಳ್ಳಿ. ಆರ್ಮ್ ಗಾರ್ಡ್ ಮೊದಲ ದಿನವೇ.

ಹೆದೆ ಏರಿಸಿ

ಕಾಂಪೌಂಡಿನಲ್ಲಿ ಹೆದೆ ಯಾವಾಗಲೂ ಬಿಗಿದೇ ಇರುತ್ತದೆ. ಇಲ್ಲಿ ಏರಿಸುವ ಕೆಲಸ ನಿಮ್ಮದು. ಕಾಲ ಸಂದಿಯಲ್ಲಿ ಬಿಲ್ಲು ಸಿಕ್ಕಿಸಿ ಬಗ್ಗಿಸುವವರಿದ್ದಾರೆ. ಹಾಗೆ ಮಾಡಬೇಡಿ, ಲಿಂಬ್ ತಿರುಚಿಕೊಳ್ಳುತ್ತದೆ. ಸ್ಟ್ರಿಂಗರ್ ಅಂತ ಒಂದು ಹಗ್ಗ ಬರುತ್ತದೆ. ಅದರ ಎರಡು ಕೊನೆಯನ್ನು ಬಿಲ್ಲಿನ ತುದಿಗಳಿಗೆ ತೊಡಿಸಿ, ಹಗ್ಗವನ್ನು ಕಾಲಲ್ಲಿ ಮೆಟ್ಟಿ, ಹಿಡಿಯನ್ನು ಮೇಲಕ್ಕೆತ್ತಿ, ಹೆದೆಯ ಕುಣಿಕೆಯನ್ನು ತುದಿಯ ಕಚ್ಚಿಗೆ ಜಾರಿಸಿ. ಹಿಡಿಗೂ ಹೆದೆಗೂ ನಡುವಿನ ಅಂತರ ತಯಾರಕರು ಹೇಳಿದಷ್ಟಿರಲಿ, ಸಾಮಾನ್ಯವಾಗಿ ಏಳೆಂಟು ಇಂಚು. ಕಡಿಮೆ ಇದ್ದರೆ ಹೆದೆಗೆ ನಾಲ್ಕು ಸುತ್ತು ಜಾಸ್ತಿ ತಿರುಚಿ. ಹೊಡೆದಾದ ಮೇಲೆ ಮರದ ಬಿಲ್ಲಿನ ಹೆದೆ ಇಳಿಸಿಡಿ. ಬಿಸಿಲಲ್ಲಿ ನಿಂತ ಕಾರಿನೊಳಗಂತೂ ಬಿಡಬೇಡಿ, ಅಂಟಿಸಿದ ಪದರ ಬಿಟ್ಟುಕೊಳ್ಳುತ್ತದೆ.

ಐದು ಹೆಜ್ಜೆ ದೂರದಲ್ಲಿ

ಬೋರ್ಡಿನ ಮೇಲೆ ಗುರಿಯ ಕಾಗದ ಅಂಟಿಸಬೇಡಿ. ಐದು ಹೆಜ್ಜೆ ದೂರ ನಿಂತು ಸುಮ್ನೆ ಹೊಡೆಯಿರಿ. ಎರಡು ವಾರ ಇಷ್ಟೇ. ಬೋರ್ ಹೊಡೆಯುತ್ತದೆ, ನಿಜ. ಆದರೆ ಕಾಂಪೌಂಡಿನಲ್ಲಿ ಎಳೆತ ಎಲ್ಲಿ ನಿಲ್ಲಬೇಕೆಂದು ಯಂತ್ರವೇ ತಡೆಯುತ್ತಿತ್ತು, ಇಲ್ಲಿ ತಡೆಯುವುದು ನಿಮ್ಮ ಮುಖ. ತೋರುಬೆರಳು ಬಾಯಿಯ ಮೂಲೆಗೆ ತಾಗಿತೇ? ಪ್ರತಿ ಸಲವೂ ಅಲ್ಲಿಗೇ ತಾಗಬೇಕು. ಒಂದಿಂಚು ಆಚೀಚೆ ಆದರೆ ಪೌಂಡೂ ಬದಲಾಯಿತು, ಗುರಿಯೂ ಬದಲಾಯಿತು.

ಹೆದೆಯನ್ನು ಬೆರಳಿನ ಮೊದಲ ಗೆಣ್ಣಿನ ಮಡಿಕೆಯಲ್ಲಿ ಹಿಡಿಯಿರಿ. ಬಿಡುವಾಗ ಬೆರಳು ಬಿಚ್ಚಬೇಡಿ, ಸಡಿಲ ಬಿಡಿ ಅಷ್ಟೇ. ಕೈ ತಾನಾಗೇ ಕಿವಿಯ ಕಡೆ ಜಾರುತ್ತದೆ. ಎಳೆದು ಹತ್ತು ಸೆಕೆಂಡ್ ನಿಲ್ಲುವ ಹಳೆಯ ಚಟ ಬಿಡಿ, ಎರಡು ಮೂರು ಸೆಕೆಂಡ್ ಸಾಕು. ಬಿಲ್ಲು ನೆಟ್ಟಗಿದೆಯೇ ಎಂದು ತೋರಿಸುತ್ತಿದ್ದ ಬಬಲ್ ಲೆವೆಲ್ಲನ್ನೂ ಮರೆಯಿರಿ. ಬಲಗೈಯವರು ಬಿಲ್ಲನ್ನು ಸ್ವಲ್ಪ ಬಲಕ್ಕೆ ವಾಲಿಸಿದರೆ ಕಣ್ಣಿಗೆ ದಾರಿ ತೆರೆಯುತ್ತದೆ.

ನನ್ನ ನೇರಳೆ ಬರೆಗೆ ಕಾರಣ ಮೊಣಕೈ. ಬಿಲ್ಲು ಹಿಡಿದ ಕೈಯ ಮೊಣಕೈ ಕೆಳಮುಖ ಇದ್ದರೆ ಅದರ ಒಳಭಾಗ ಹೆದೆಯ ದಾರಿಗೇ ಬರುತ್ತದೆ. ಅಂಗೈ ಗೋಡೆಗೆ ಒತ್ತಿ ನಿಂತು, ಅಂಗೈ ಅಲುಗಿಸದೆ ಮೊಣಕೈಯ ಮೂಳೆಯನ್ನು ಹೊರಕ್ಕೆ ತಿರುಗಿಸಿ ನೋಡಿ. ಒಳಗಿನ ಮಡಿಕೆ ಲಂಬವಾಗಿ ನಿಂತರೆ ಸರಿ. ಬಸ್ ಸ್ಟಾಪಿನ ಕಂಬಕ್ಕೆ ಒತ್ತಿ ಅಭ್ಯಾಸ ಮಾಡಿದವನು ನಾನು. ಜನ ನೋಡುತ್ತಾರೆ, ನೋಡಲಿ.

ಗುರಿ ಆಮೇಲೆ

ಈಗ ಹತ್ತು ಮೀಟರಿಗೆ ಹೋಗಿ. ಬರೀ ಗುರಿಯನ್ನೇ ದಿಟ್ಟಿಸಿ ಹೊಡೆಯುವುದು ಒಂದು ದಾರಿ. ಬಾಣದ ಮೊನೆ ಗುರಿಗಿಂತ ಎಷ್ಟು ಕೆಳಗೆ ಕಾಣುತ್ತದೆ ಎಂದು ಅಳೆದು ಹೊಡೆಯುವುದು ಇನ್ನೊಂದು. ಸೈಟಿಗೆ ಒಗ್ಗಿದ ಕಣ್ಣಿಗೆ ಎರಡನೆಯದೇ ಸುಲಭ ಅಂತ ನನ್ನ ಅನಿಸಿಕೆ. ಹತ್ತಿರದ ಗುರಿಗೆ ಮೊನೆಯನ್ನು ನಂಬಲಾಗದಷ್ಟು ಕೆಳಗೆ ಹಿಡಿಯಬೇಕು.

ಟೆರೇಸಿನಲ್ಲಿ ಮಾತ್ರ ಬೇಡ. 30 ಪೌಂಡಿನ ಬಾಣ ಪ್ಯಾರಪೆಟ್ ದಾಟಿದರೆ ಪಕ್ಕದ ಮನೆಯ ನೀರಿನ ಟ್ಯಾಂಕಿಗಾದರೂ ಹೋದೀತು, ಒಗೆದ ಬಟ್ಟೆ ಹರವುತ್ತಿರುವವರಿಗಾದರೂ ತಾಗೀತು. ರೇಂಜಿಗೇ ಹೋಗಿ.

ಆರಕ್ಕೆ ಆರೂ ಬಾಣ ಒಂದು ಊಟದ ತಟ್ಟೆಯಷ್ಟು ಜಾಗದೊಳಗೆ ಬಿದ್ದರೆ ಐದು ಹೆಜ್ಜೆ ಹಿಂದೆ ಸರಿಯಿರಿ. ಬೀಳದಿದ್ದರೆ ಅಲ್ಲೇ ನಿಲ್ಲಿ. ಐದು ತಿಂಗಳಾಗಿ ನಾನೀಗ 18 ಮೀಟರಿನಲ್ಲಿದ್ದೇನೆ. ನನ್ನ ತಟ್ಟೆ ಇನ್ನೂ ಮದುವೆ ಊಟದ ಬಾಳೆ ಎಲೆಯಷ್ಟಿದೆ.