ಫರಶಿ ಮೇಲೆ ಎಂಟು ಜೋಳದ ಕಾಳು

ಎರಡು ಸ್ಪೇರ್ ಸಾಲು, ಮೂರು ಸ್ಪೇರ್ ಕಾಲಂ, ಎಂಟು ಕೆಟ್ಟ ಸೆಲ್. ನಾನು ಬರೆದ ಪ್ರೋಗ್ರಾಂ ಈ ಮೆಮೊರಿ ಚಿಪ್ ರಿಪೇರಿ ಆಗಲ್ಲ ಎಂದು ಹೇಳಿತು. ನನಗೆ ನಂಬಿಕೆ ಬರಲಿಲ್ಲ.

ರಾಯಚೂರಿನ ಏಪ್ರಿಲ್ ಮಧ್ಯಾಹ್ನ, ಕರೆಂಟ್ ಬೇರೆ ಹೋಗಿತ್ತು. ಲ್ಯಾಪ್‌ಟಾಪ್ ಮುಚ್ಚಿ, ನಡುಮನೆಯ ಶಹಾಬಾದ್ ಫರಶಿ ಮೇಲೆ ಸೀಮೆಸುಣ್ಣದಲ್ಲಿ ಮನೆ ಹಾಕಿದೆ. ಸೆಲ್ ಕೆಟ್ಟಿರುವ ಕಡೆ ಒಂದೊಂದು ಜೋಳದ ಕಾಳು ಇಟ್ಟೆ. ಮೊದಲ ಸಾಲಿನಲ್ಲಿ ಮೂರು ಕಾಳು: 1, 2, 3ನೇ ಕಾಲಂ. ಅವೇ ಮೂರು ಕಾಲಂಗಳಲ್ಲಿ ಕೆಳಗೆ ಇನ್ನೊಂದೊಂದು ಕಾಳು, ಬೇರೆ ಬೇರೆ ಸಾಲಿನಲ್ಲಿ. ಉಳಿದ ಎರಡು ದೂರದಲ್ಲಿ ಒಂಟಿಯಾಗಿ.

ಮೆಮೊರಿ ಚಿಪ್ ಅಂದರೆ ಇಂಥದೇ ಮನೆಗಳ ಹಾಸು, ಒಂದೊಂದು ಮನೆಯೂ ಒಂದು ಸೆಲ್. ಕೋಟಿಗಟ್ಟಲೆ ಸೆಲ್ ಇದ್ದ ಮೇಲೆ ಒಂದೆರಡು ಕೆಡುವುದು ಸಹಜ. ಅಷ್ಟಕ್ಕೇ ಇಡೀ ಚಿಪ್ ಬಿಸಾಡೋಕಾಗುತ್ತಾ? ಅದಕ್ಕೇ ಕೆಲವು ಸಾಲು, ಕೆಲವು ಕಾಲಂ ಜಾಸ್ತಿ ಮಾಡಿ ಇಟ್ಟಿರುತ್ತಾರೆ. ಟೆಸ್ಟ್ ಮಾಡುವಾಗ ಚಿಪ್ ಒಳಗಿನ ಸಣ್ಣ ಫ್ಯೂಸ್ ಸುಟ್ಟು, ಕೆಟ್ಟ ಸಾಲಿನ ವಿಳಾಸವನ್ನು ಸ್ಪೇರ್ ಸಾಲಿಗೆ ತಿರುಗಿಸುತ್ತಾರೆ. ಯಾವ ಸ್ಪೇರನ್ನು ಎಲ್ಲಿಗೆ ಕೊಡಬೇಕು ಅನ್ನೋದೇ ಲೆಕ್ಕ.

ನಾನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಕೊನೆ ವರ್ಷದ ಒಬ್ಬ ವಿದ್ಯಾರ್ಥಿನಿಯ ಪ್ರಾಜೆಕ್ಟ್‌ಗೆ ದಾರಿ ತೋರಿಸಲು ಹೋಗಿ, ನಾನೇ ಇದಕ್ಕೆ ಅಂಟಿಕೊಂಡೆ. ಎಲ್ಲಿ ಜಾಸ್ತಿ ಕೆಟ್ಟಿದೆಯೋ ಅಲ್ಲಿಗೆ ಮೊದಲು ಸ್ಪೇರ್ ಕೊಡು ಎಂದು ಬರೆದಿದ್ದೆ. ಯಾರಿಗಾದರೂ ಮೊದಲು ಹೊಳೆಯುವುದು ಅದೇ. ಫರಶಿ ಮೇಲೂ ಹಾಗೇ ಮಾಡಿದೆ. ಮೂರು ಕಾಳಿನ ಸಾಲು ತೆಗೆದೆ. ಉಳಿದದ್ದು ಐದು ಕಾಳು, ಐದೂ ಒಂಟಿ. ಕೈಯಲ್ಲಿರುವುದು ನಾಲ್ಕೇ ಸ್ಪೇರ್.

ಈಗ ಬೇರೆ ಥರ ನೋಡಿ. ಆ ಸಾಲನ್ನು ಮುಟ್ಟಲೇ ಬೇಡಿ. ಮೂರೂ ಸ್ಪೇರ್ ಕಾಲಂಗಳನ್ನು 1, 2, 3ಕ್ಕೆ ಕೊಡಿ. ಆರು ಕಾಳು ಹೋದವು. ಎರಡು ಒಂಟಿ ಕಾಳಿಗೆ ಎರಡು ಸ್ಪೇರ್ ಸಾಲು. ಚಿಪ್ ಉಳಿಯಿತು! ಒಳ್ಳೆಯ ಚಿಪ್ಪನ್ನು ಕಸಕ್ಕೆ ಹಾಕುವ ಪ್ರೋಗ್ರಾಂ ಬರೆದಿದ್ದೆನಲ್ಲ ಎಂದು ಅವತ್ತು ನಿಜಕ್ಕೂ ಬೇಜಾರಾಯಿತು.

ಮತ್ತೆ ಮೊದಲಿಂದ ಬರೆದೆ. ಒಂದು ಕೆಟ್ಟ ಸೆಲ್ ಹಿಡಿ. ಅದರ ಸಾಲು ಬದಲಿಸಿ ನೋಡು, ಆಗದಿದ್ದರೆ ವಾಪಸ್ ಬಂದು ಅದರ ಕಾಲಂ ಬದಲಿಸಿ ನೋಡು. 2 ಸಾಲು, 3 ಕಾಲಂ ಇದ್ದರೆ ಐದು ಸ್ಪೇರ್ ಬಳಸುವ ಕ್ರಮ ಹತ್ತೇ. ಆದರೆ 10 ಸಾಲು, 10 ಕಾಲಂ ಆದರೆ 1,84,756. ಈ ಸಮಸ್ಯೆ ಎನ್‌ಪಿ-ಕಂಪ್ಲೀಟ್, ಅಂದರೆ ಎಲ್ಲ ಸಂದರ್ಭಕ್ಕೂ ಬೇಗ ಉತ್ತರ ಕೊಡುವ ವಿಧಾನ ಯಾರಿಗೂ ಗೊತ್ತಿಲ್ಲದ ಜಾತಿಯದು ಎಂದು ಕುವೊ ಮತ್ತು ಫುಕ್ಸ್ ಎಂಬ ಸಂಶೋಧಕರು 1987ರಲ್ಲೇ ತೋರಿಸಿದ್ದರು. ಹಾಗಾಗಿ ಹುಡುಕುವ ಮೊದಲೇ ಎಷ್ಟು ಕಡಿಮೆ ಮಾಡಬಹುದೋ ಅಷ್ಟು ಮಾಡಬೇಕು.

ಒಂದು ಸಾಲಿನಲ್ಲಿ ನಾಲ್ಕು ಸೆಲ್ ಕೆಟ್ಟಿವೆ, ಸ್ಪೇರ್ ಕಾಲಂ ಇರುವುದು ಮೂರೇ ಅನ್ನಿ. ಆಗ ಯೋಚನೆಯೇ ಬೇಡ, ಆ ಸಾಲನ್ನೇ ಬದಲಿಸಬೇಕು. ಕಾಲಂಗೂ ಇದೇ ಮಾತು. ಇಲ್ಲಿ ನಾನು ಇನ್ನೊಂದು ತಪ್ಪು ಮಾಡಿದ್ದೆ: ಈ ಪರೀಕ್ಷೆ ಒಂದೇ ಸಲ ನಡೆಸಿ ಮುಂದೆ ಹೋಗುತ್ತಿದ್ದೆ. ಒಂದು ಸ್ಪೇರ್ ಸಾಲು ಖರ್ಚಾದರೆ ಉಳಿಯುವುದು ಒಂದೇ ಸಾಲು. ಆಗ ಎರಡು ಸೆಲ್ ಕೆಟ್ಟಿರುವ ಕಾಲಂ ಕೂಡ ಬದಲಿಸಲೇಬೇಕಾದ್ದಾಗುತ್ತದೆ. ಹೊಸದು ಸಿಗದೇ ಇರುವವರೆಗೆ ತಿರುಗಿ ತಿರುಗಿ ನೋಡಬೇಕು.

ಇದೆಲ್ಲ ಮುಗಿದ ಮೇಲೂ ಪ್ರೋಗ್ರಾಂ ನಿಧಾನ. ಎಲ್ಲಿ ಟೈಮ್ ಹೋಗುತ್ತಿದೆ ಎಂದು ಅಳೆದೆ. ರಿಪೇರಿ ಆಗದ ಚಿಪ್‌ಗಳಲ್ಲಿ! ಆಗುವಂಥದಕ್ಕೆ ಬೇಗ ದಾರಿ ಸಿಗುತ್ತದೆ. ಆಗದ್ದಕ್ಕೆ ಎಲ್ಲ ದಾರಿಗೂ ಹೋಗಿ ಬರಬೇಕು. ಇದನ್ನು ಆ ಹುಡುಗಿಗೆ ಹೇಳುತ್ತಿದ್ದೆ. ಹಾಳೆ ಮೇಲೆ ಐದು ಚುಕ್ಕಿಗೆ ಸುತ್ತು ಹಾಕಿ ಕೇಳಿದಳು: 'ಸರ್, ಇವು ಯಾವೆರಡೂ ಒಂದೇ ಸಾಲಿನಾಗ ಇಲ್ಲ, ಒಂದೇ ಕಾಲಂನಾಗೂ ಇಲ್ಲ. ಅಂದ್ರ ಐದು ಸ್ಪೇರ್ ಬೇಕೇ ಬೇಕಲ್ರೀ? ಆರು ಸಿಕ್ಕಿದ್ರ ಹುಡುಕೋದೇ ಬ್ಯಾಡಲ್ರೀ?'

ಸರಿಯಾಗಿ ಹಿಡಿದಿದ್ದಳು. ಹಾಗೆ ಸಾಲನ್ನೂ ಕಾಲಂ ಅನ್ನೂ ಹಂಚಿಕೊಳ್ಳದ ಕೆಟ್ಟ ಸೆಲ್‌ಗಳು ಹೆಚ್ಚೆಂದರೆ ಎಷ್ಟು ಸಿಗುತ್ತವೋ, ಕೆಟ್ಟ ಸೆಲ್ ಎಲ್ಲವನ್ನೂ ಮುಚ್ಚಲು ಕಡಿಮೆಯೆಂದರೆ ಅಷ್ಟೇ ಗೆರೆ (ಸಾಲು ಅಥವಾ ಕಾಲಂ) ಬೇಕು. ಇದು ಹಂಗೇರಿಯ ಗಣಿತಜ್ಞ ಕೊನಿಗ್ 1931ರಲ್ಲಿ ಸಾಧಿಸಿದ ಪ್ರಮೇಯ. ಆ ಸಂಖ್ಯೆಯನ್ನು ಬೇಗ ಲೆಕ್ಕ ಹಾಕಬಹುದು. ಐದು ದಾಟಿತೋ, ಚಿಪ್ಪನ್ನು ಅಲ್ಲೇ ಬಿಡಿ. ಐದರೊಳಗೆ ಬಂದ ಮಾತ್ರಕ್ಕೆ ಗೆದ್ದೆವು ಎಂದಲ್ಲ. ಮೂರು ಸಾಲು, ಎರಡು ಕಾಲಂ ಬೇಕಾಗಿ, ನಮ್ಮಲ್ಲಿ ಎರಡೇ ಸಾಲು ಇರಬಹುದು. ಆಗ ಹುಡುಕಲೇಬೇಕು.

ಪರೀಕ್ಷೆಗೆ ನಾನು ಕೆಟ್ಟ ಸೆಲ್‌ಗಳನ್ನು ಸುಮ್ನೆ ಎಲ್ಲೆಂದರಲ್ಲಿ ಚೆಲ್ಲುತ್ತಿದ್ದೆ, ಬಿತ್ತನೆ ಮಾಡಿದ ಹಾಗೆ. ನಿಜವಾದ ಚಿಪ್ ಹಾಗೆ ಕೆಡುವುದಿಲ್ಲ. ಒಂದು ವರ್ಡ್ ಲೈನ್, ಅಂದರೆ ಒಂದು ಸಾಲಿನ ಸೆಲ್‌ಗಳನ್ನು ಜೋಡಿಸುವ ತಂತಿ, ತುಂಡಾದರೆ ಆ ಸಾಲಿನ ಸೆಲ್‌ಗಳು ಸಾಲುಸಾಲಾಗಿ ಹೋಗುತ್ತವೆ. ಕಾಲಂನ ತಂತಿಯಾದ ಬಿಟ್ ಲೈನ್ ಹೋದರೆ ಕಾಲಂ ಹೋಗುತ್ತದೆ. ಅಂಥ ಮಾದರಿಗಳನ್ನು ಬೆರೆಸಿ ನಡೆಸಿದೆ. ಎಷ್ಟೋ ಚಿಪ್‌ಗಳು ಬದಲಿಸಲೇಬೇಕಾದ ಸಾಲುಗಳಲ್ಲೇ ತೀರ್ಮಾನವಾದವು. ಹುಡುಕಾಟಕ್ಕೆ ಉಳಿದದ್ದು ಸ್ವಲ್ಪ.

ಸ್ಪೇರ್ ಸಾಲಿನಲ್ಲೇ ಕೆಟ್ಟ ಸೆಲ್ ಇದ್ದರೆ ಏನು ಮಾಡಬೇಕು ಎನ್ನುವ ಭಾಗ ಇನ್ನೂ ಬರೆಯಬೇಕು. ಅದಕ್ಕೆ ಮೊನ್ನೆ ಮತ್ತೆ ಸೀಮೆಸುಣ್ಣ ಹಿಡಿದು, ಫರಶಿ ಮೇಲೆ ಎರಡು ಸಾಲು ಜಾಸ್ತಿ ಎಳೆದಿದ್ದೇನೆ.